ವಾರಕ್ಕೊಂದು ಇಂಜೆಕ್ಷನ್, ಮನೆಯಲ್ಲೇ: ಕೊಡಗಿನ ಮಳೆ, ಕರೆಂಟು, ಫ್ರಿಜ್ ಎಲ್ಲದರ ಲೆಕ್ಕ ಹಾಕಿ ಒಂದು ಸಮಗ್ರ ಮಾರ್ಗದರ್ಶಿ

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿಗಳ ಬಗ್ಗೆ ಸಿಗುವ ಸಲಹೆ ಹೆಚ್ಚಿನಂಶ ಬಿಸಿಲಿನ ಊರಿನವರಿಗೆ ಬರೆದದ್ದು. ಸೆಕೆಯಿಂದ ಕಾಪಾಡಿ, ಸೆಕೆಯಿಂದ ಕಾಪಾಡಿ ಎಂದು ಅದೇ ರಾಗ. ಜುಲೈ ತಿಂಗಳಲ್ಲಿ ಮಡಿಕೇರಿಯ ಮನೆಯೊಳಗೆ ಸ್ವೆಟರ್ ಹಾಕಿ ಕೂತವರಿಗೆ ಆ ಚಿಂತೆ ಅಷ್ಟೇನೂ ಇಲ್ಲ. ಮೆಡಿಕಲ್ ಶಾಪಿನ ಕೌಂಟರ್ ಹಿಂದೆ ನಿಂತು ನಾನು ಕಂಡಂತೆ ನಮ್ಮ ಕಡೆ ಔಷಧಿ ಹಾಳಾಗುವುದು ಚಳಿಯಿಂದ. ಫ್ರಿಜ್‌ನ ಹಿಂಗೋಡೆಗೆ ತಾಗಿ ಹೆಪ್ಪುಗಟ್ಟುತ್ತದೆ, ಅಥವಾ ಕರೆಂಟ್ ಹೋಯಿತೆಂಬ ಗಾಬರಿಯಲ್ಲಿ ಯಾರೋ ಅದನ್ನು ಐಸ್ ಮೇಲೆ ಇಟ್ಟಿರುತ್ತಾರೆ. ಮಳೆಗಾಲದಲ್ಲಿ ರಸ್ತೆ ಬಂದ್ ಆಗಿ ಡೋಸ್ ತಪ್ಪುವುದು ಇನ್ನೊಂದು ತೊಂದರೆ. ಈ ಎರಡನ್ನು ಗಮನದಲ್ಲಿಟ್ಟುಕೊಂಡೇ ಈ ಬರಹ.

ನಿಮ್ಮದು ಯಾವ ಔಷಧಿ?

ವಾರಕ್ಕೊಮ್ಮೆ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಜಾತಿಯಲ್ಲ. ಶುಗರ್‌ಗೆ ಮತ್ತು ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್, ಡುಲಾಗ್ಲುಟೈಡ್ ಒಂದು ಗುಂಪು. ಇವು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಸಂಧಿವಾತಕ್ಕೆ ಕೊಡುವ ಎಟನರ್ಸೆಪ್ಟ್ ಕೂಡ ಫ್ರಿಜ್‌ನದೇ. ಅದೇ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಮಾತ್ರ ಬೇರೆ. ಅದಕ್ಕೆ ಫ್ರಿಜ್ ಬೇಡ. 25 ಡಿಗ್ರಿ ಒಳಗಿನ ಜಾಗ ಸಾಕು, ಬೆಳಕು ಬೀಳಬಾರದು. ಇಂಜೆಕ್ಷನ್ ಅಂದರೆ ಫ್ರಿಜ್ ಎಂದುಕೊಂಡು ಅದನ್ನೂ ಒಳಗೆ ತಳ್ಳುವವರಿದ್ದಾರೆ. ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ಮೊದಲು ಓದಿ. ಕಣ್ಣು ಮಂಜಾಗಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ, ಇಲ್ಲ ಮಕ್ಕಳ ಕೈಲಿ ಓದಿಸಿ.

ಇವೆಲ್ಲ ಡಾಕ್ಟರ ಚೀಟಿಯ ಮೇಲಷ್ಟೇ ಕೊಡುವ ಔಷಧಿಗಳು. ಪಕ್ಕದ ಮನೆಯವರು ತೆಳ್ಳಗಾದರೆಂದು ಅವರ ಪೆನ್ನನ್ನು (ಔಷಧಿ ತುಂಬಿಯೇ ಬರುವ, ಪೆನ್ನಿನಾಕಾರದ ಇಂಜೆಕ್ಷನ್) ಕೇಳಿ ಪಡೆಯುವುದು ಬೇಡವೇ ಬೇಡ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಔಷಧಿ ಬರೆದಿದ್ದರೂ ಪೆನ್ ಬೇರೆ ಬೇರೆ. ಸೂಜಿ ಬದಲಿಸಿದರೂ ಪೆನ್ನಿನೊಳಕ್ಕೆ ರಕ್ತದ ಅಂಶ ಹಿಂದೆ ಸರಿದಿರಬಹುದು. ಸೋಂಕು ಹೋಗುವುದು ಆ ದಾರಿಯಲ್ಲಿ.

ಅಂಗಡಿಯಿಂದ ಮನೆಗೆ

ಪೆಟ್ಟಿಗೆಯ ಸೀಲ್, ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ನೋಡಿ, ಬಿಲ್ ತೆಗೆದುಕೊಳ್ಳಿ. ಔಷಧಿಯನ್ನು ಫ್ರಿಜ್‌ನಿಂದಲೇ ತೆಗೆದು ಕೊಡುತ್ತಿದ್ದಾರೆಯೇ ಎಂದು ಕಣ್ಣಾರೆ ಕಂಡುಕೊಳ್ಳಿ. ಕೇಳಲು ಸಂಕೋಚ ಬೇಡ, ಸರಿಯಾದ ಅಂಗಡಿಯವರಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ.

ಮೈಸೂರಿನಿಂದ ತರಿಸುವವರು ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸುವುದುಂಟು. ಮೈಸೂರಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಡ್ರೈವರ್ ಸೀಟಿನ ಪಕ್ಕ, ಇಂಜಿನ್ ಬಾನೆಟ್ ಮೇಲೆ ಮೂರು ನಾಲ್ಕು ಗಂಟೆ ಕೂತು ಬಂದ ಪೆನ್ ಎಷ್ಟು ಕಾದಿತ್ತೆಂದು ಯಾರೂ ಹೇಳಲಾರರು. ನನ್ನನ್ನು ಕೇಳಿದರೆ ಬಸ್ ಪಾರ್ಸೆಲ್ ಬೇಡ, ಹೋಗಿ ಬರುವ ನೆಂಟರ ಕೈಲಿ ತರಿಸಿ. ಐಸ್ ಪ್ಯಾಕ್ ಕೊಟ್ಟರೆ ಅದನ್ನು ಟವೆಲಿನಲ್ಲಿ ಸುತ್ತಿ ಒಂದು ಬದಿಗೆ, ಔಷಧಿ ಪೆಟ್ಟಿಗೆ ಇನ್ನೊಂದು ಬದಿಗೆ ಇರಲಿ, ಒಂದಕ್ಕೊಂದು ತಾಗಬಾರದು. ಕಾರಿನ ಡ್ಯಾಶ್‌ಬೋರ್ಡ್, ಡಿಕ್ಕಿ ಎರಡೂ ಬೇಡ.

ಫ್ರಿಜ್‌ನಲ್ಲಿ ಎಲ್ಲಿ?

ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ನಷ್ಟ ಆಗುವುದು ಇಲ್ಲೇ.

ನಮ್ಮ ಮನೆಗಳಲ್ಲಿ ಇರುವುದು ಬಹುಪಾಲು ಸಿಂಗಲ್ ಡೋರ್ ಫ್ರಿಜ್. ಅದರಲ್ಲಿ ಫ್ರೀಜರ್ ಒಳಗೇ, ಮೇಲ್ಭಾಗದಲ್ಲಿರುತ್ತದೆ. ಅದರ ಕೆಳಗಿನ ಚಿಲ್ಲರ್ ಟ್ರೇ ಮತ್ತು ಹಿಂಗೋಡೆಯ ಹತ್ತಿರದ ಜಾಗ ಸೊನ್ನೆಗೆ ಇಳಿಯುತ್ತದೆ. ಅಲ್ಲಿಟ್ಟ ಕೊತ್ತಂಬರಿ ಸೊಪ್ಪು ಗಾಜಿನಂತೆ ಗರಿಗರಿಯಾಗಿದ್ದರೆ ಔಷಧಿಯ ಗತಿಯೂ ಅದೇ. ಬಾಗಿಲಿನ ಖಾನೆಯಲ್ಲಿ ತೊಂದರೆ ಉಲ್ಟಾ: ಪ್ರತಿ ಸಲ ತೆರೆದಾಗಲೂ ಬಿಸಿ ಗಾಳಿ ಬಡಿಯುತ್ತದೆ. ಸರಿಯಾದ ಜಾಗ ನಡುವಿನ ತಟ್ಟೆ, ಮುಂಭಾಗಕ್ಕೆ ಹತ್ತಿರ.

ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ತಿಳಿಯಾಗಿಯೇ ಕಾಣಬಹುದು, ಮೋಸ ಇರುವುದು ಅಲ್ಲಿ. ನೀರು ಹರಳಾಗುವಾಗ ಔಷಧಿಯ ಅಣುಗಳ ರಚನೆ ಕೆಡುತ್ತದೆ, ಒಳಗಿನ ಗಾಜಿನ ಕಾರ್ಟ್ರಿಜ್‌ನಲ್ಲಿ ಕಣ್ಣಿಗೆ ಕಾಣದ ಬಿರುಕೂ ಬಂದಿರಬಹುದು. ಎಷ್ಟೇ ದುಬಾರಿಯಾಗಿದ್ದರೂ ಹೆಪ್ಪುಗಟ್ಟಿದ ಪೆನ್ನನ್ನು ಬಿಸಾಡಲೇಬೇಕು.

ಸುಮ್ಮನೆ ಊಹಿಸುವ ಬದಲು ಅಳೆದು ನೋಡಿ. ವಯರ್ ಇರುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ನೆನಪಿಟ್ಟು ತೋರಿಸುವಂಥದ್ದನ್ನೇ ಕೊಳ್ಳಿ. ಅದರ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿ, ಔಷಧಿ ಇಡಬೇಕೆಂದಿರುವ ಜಾಗದಲ್ಲೇ ಒಂದು ರಾತ್ರಿ ಬಿಡಿ. ಬೆಳಿಗ್ಗೆ 3ರಿಂದ 6 ಡಿಗ್ರಿ ನಡುವೆ ತೋರಿಸಿದರೆ ನಿಶ್ಚಿಂತೆ. 2ಕ್ಕಿಂತ ಕೆಳಗಿದ್ದರೆ ಒಳಗಿನ ತಿರುಪನ್ನು ಒಂದು ಮೆಟ್ಟಿಲು ಇಳಿಸಿ, ಮತ್ತೊಂದು ರಾತ್ರಿ ನೋಡಿ. ಬೇಸಿಗೆಯಲ್ಲಿ ಏರಿಸಿದ ತಿರುಪನ್ನು ಮಳೆ ಹಿಡಿದ ಮೇಲೂ, ಪುತ್ತರಿ ಮುಗಿದು ಚಳಿ ಬಂದ ಮೇಲೂ ಹಾಗೇ ಬಿಟ್ಟಿರುವ ಮನೆಗಳೇ ಹೆಚ್ಚು.

ಇನ್ನು ತೇವ. ನಮ್ಮ ಮಳೆಗಾಲದಲ್ಲಿ ಕಾಗದದ ಪೆಟ್ಟಿಗೆ ಮೆತ್ತಗಾಗಿ, ಅಂಚಿಗೆ ಬೂಷ್ಟು ಹಿಡಿದು, ಲೇಬಲ್ಲಿನ ಅಕ್ಷರ ಅಳಿಸುತ್ತದೆ. ಪೆಟ್ಟಿಗೆಯ ಸಮೇತ ಔಷಧಿಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಪೆಟ್ಟಿಗೆ ಬೆಳಕನ್ನು ತಡೆಯುತ್ತದೆ, ಡಬ್ಬಿ ತೇವವನ್ನು ತಡೆಯುತ್ತದೆ, ಪಂದಿ ಕರಿಯ ಪಾತ್ರೆ ಚೆಲ್ಲಿದರೂ ಭಯವಿಲ್ಲ. ಮಕ್ಕಳಿರುವ ಮನೆಯಾದರೆ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ, ಕೈಗೆಟುಕದ ತಟ್ಟೆಯಲ್ಲಿಡಿ.

ಹೊರಗೆ ಎಷ್ಟು ದಿನ?

ತೆರೆಯದ ಪೆನ್ ಫ್ರಿಜ್‌ನಲ್ಲೇ ಇರಲಿ. ಬಳಸಲು ಶುರು ಮಾಡಿದ ಮೇಲೆ ಲೆಕ್ಕ ಬೇರೆ. ಸೆಮಾಗ್ಲುಟೈಡ್‌ನ ಓಝೆಂಪಿಕ್ ಪೆನ್ ಮೊದಲ ಡೋಸ್‌ನಿಂದ 56 ದಿನ, 30 ಡಿಗ್ರಿ ಒಳಗಿದ್ದರೆ ಹೊರಗೂ ಇರಬಹುದು. ಟಿರ್ಜೆಪಟೈಡ್‌ನ ನಾಲ್ಕು ಡೋಸಿನ ಕ್ವಿಕ್‌ಪೆನ್‌ಗೆ 30 ದಿನ. ಡುಲಾಗ್ಲುಟೈಡ್‌ನ ಒಂದೇ ಡೋಸಿನ ಪೆನ್ ಹೊರಗೆ 14 ದಿನ ತಡೆಯುತ್ತದೆ. ಒಂದೇ ಔಷಧಿಯಾದರೂ ಕಂಪನಿ ಬದಲಾದರೆ ಈ ದಿನಗಳೂ ಬದಲಾಗಬಹುದು, ಹಾಗಾಗಿ ಪೆಟ್ಟಿಗೆಯೊಳಗಿನ ಮಾಹಿತಿ ಚೀಟಿಯೇ ಅಂತಿಮ.

ಮೊದಲು ಬಳಸಿದ ದಿನ ಅಥವಾ ಹೊರಗೆ ತೆಗೆದ ದಿನ ಪೆನ್ನಿನ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯಿರಿ. ಮತ್ತೆ ಫ್ರಿಜ್‌ಗೆ ಇಟ್ಟ ಮಾತ್ರಕ್ಕೆ ಕಳೆದ ದಿನಗಳು ವಾಪಸ್ ಬರುವುದಿಲ್ಲ.

ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆಯ ಎತ್ತರದ ಕಡೆ 30 ಡಿಗ್ರಿ ಎಂಬ ಗೆರೆ ದಾಟುವುದು ಅಪರೂಪ. ಕುಶಾಲನಗರದಲ್ಲಿ ಮಾರ್ಚ್–ಏಪ್ರಿಲ್‌ನಲ್ಲಿ ದಾಟುತ್ತದೆ. ಶೀಟಿನ ಮನೆಯಾದರೆ ಎಲ್ಲಿದ್ದರೂ ಮಧ್ಯಾಹ್ನ ಜಾಗ್ರತೆ. ಒಲೆಯ ಮೇಲಿನ ಅಟ್ಟ, ಬಚ್ಚಲೊಲೆಯ ಪಕ್ಕದ ಗೂಡು, ಟಿವಿಯ ಮೇಲೆ ಎಲ್ಲ ಬೆಚ್ಚಗಿನ ಜಾಗಗಳು, ಔಷಧಿಗಲ್ಲ.

ಕರೆಂಟ್ ಹೋದಾಗ

ಮರ ಬಿದ್ದು ಲೈನ್ ತುಂಡಾದರೆ ಒಂದು ದಿನ, ಒಳಗಿನ ಹಳ್ಳಿಗಳಲ್ಲಿ ಅದಕ್ಕಿಂತ ಹೆಚ್ಚು. ಕರೆಂಟ್ ಕಂಪನಿ ಸೆಸ್ಕ್‌ನವರಿಗೆ ಫೋನ್ ಮಾಡಲೂ ಸಿಗ್ನಲ್ ಇರಬೇಕಲ್ಲ.

ಮೊದಲು, ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಫ್ರಿಜ್ ಎಷ್ಟು ಹೊತ್ತಿಗೆ ನಿಂತಿತೆಂದು ಕಾಗದದ ಮೇಲೆ ಬರೆಯಿರಿ. ಆಮೇಲೆ ಯೋಚಿಸಿ: ಮಳೆಗಾಲದಲ್ಲಿ ನಿಮ್ಮ ಕೋಣೆಯೇ ಇಪ್ಪತ್ತರ ಆಸುಪಾಸು ಇರುತ್ತದೆ. ಬಳಕೆಯಲ್ಲಿರುವ ಪೆನ್‌ಗೆ ಅದರಿಂದ ಏನೂ ಆಗುವುದಿಲ್ಲ. ತೆರೆಯದ ಪೆನ್ ಹೊರಗಿರಬಹುದೇ, ಎಷ್ಟು ಹೊತ್ತು ಎಂಬುದನ್ನು ಅದರ ಚೀಟಿಯಲ್ಲಿ ನೋಡಿ. ಚೀಟಿಯಲ್ಲಿ ಇಲ್ಲದಿದ್ದರೆ ಕಂಪನಿಯ ಸಹಾಯವಾಣಿ ನಂಬರ್ ಪೆಟ್ಟಿಗೆಯ ಮೇಲೇ ಇರುತ್ತದೆ. ಕರೆಂಟ್ ಬಂದ ಮೇಲೆ ಬಳಸುವುದೋ ಬಿಡುವುದೋ ಎಂದು ಕೇಳಲು ನೀವು ಬರೆದಿಟ್ಟ ಹೊತ್ತೇ ಆಧಾರ.

ದೀರ್ಘ ಕಾಲ ಕರೆಂಟ್ ಬಾರದಿದ್ದರೆ ಅಗಲ ಬಾಯಿಯ ಫ್ಲಾಸ್ಕ್ ಅಥವಾ ಥರ್ಮೋಕೋಲ್ ಡಬ್ಬಿ ಬಳಸಿ. ತಳಕ್ಕೆ ಐಸ್ ಪ್ಯಾಕ್, ಮೇಲೆ ದಪ್ಪ ಬಟ್ಟೆಯ ಎರಡು ಮೂರು ಮಡಿಕೆ, ಅದರ ಮೇಲೆ ಔಷಧಿ. ಥರ್ಮಾಮೀಟರ್ ತುದಿಯನ್ನು ಔಷಧಿಯ ಪಕ್ಕದಲ್ಲೇ ಇಟ್ಟುಬಿಡಿ.

ಹಸಿ ಬಟ್ಟೆ ಸುತ್ತಿಡುವುದು, ಮಣ್ಣಿನ ಮಡಕೆಯೊಳಗೆ ಇಡುವುದು, ನೀರಿನಲ್ಲಿ ನೆನೆಸುವ ಇನ್ಸುಲಿನ್ ಪೌಚ್ ಇವೆಲ್ಲ ತಣ್ಣಗಾಗುವುದು ನೀರು ಆವಿಯಾಗಿ ಹೋಗುವಾಗ. ಒಣಹಾಕಿದ ಬಟ್ಟೆ ನಾಲ್ಕು ದಿನವಾದರೂ ಆರದ ಆಟಿ ಮಳೆಯಲ್ಲಿ ನೀರು ಎಲ್ಲಿಂದ ಆವಿಯಾಗಬೇಕು? ಕುಶಾಲನಗರದ ಮಾರ್ಚ್‌ಗೆ ಆ ಪೌಚ್ ಸರಿ, ಜುಲೈನ ಭಾಗಮಂಡಲಕ್ಕೆ ದಂಡ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ಯಾರಿಗೂ ಮರೆತಿಲ್ಲ. ಜೂನ್ ಶುರುವಾಗುವ ಮೊದಲೇ ಒಂದು ತಿಂಗಳ ಹೆಚ್ಚುವರಿ ಔಷಧಿ, ಸೂಜಿ ಮನೆಯಲ್ಲಿರಲಿ ಎನ್ನುವುದು ಅದಕ್ಕೇ. ಆರು ತಿಂಗಳದ್ದು ಒಟ್ಟಿಗೆ ತುಂಬಿಡಬೇಡಿ, ಫ್ರಿಜ್ ಕೈಕೊಟ್ಟರೆ ಎಲ್ಲವೂ ಒಂದೇ ಏಟಿಗೆ ಹೋಗುತ್ತದೆ.

ಯಾವ ದಿನ?

ವಾರಕ್ಕೊಮ್ಮೆಯದು ಮರೆತುಹೋಗುವುದು ಸುಲಭ. ಮೊಬೈಲ್ ಅಲಾರಂ ಇರಲಿ, ಆದರೆ ಬ್ಯಾಟರಿ ಸತ್ತ ದಿನಕ್ಕೂ ಒಂದು ಉಪಾಯ ಬೇಕು. ನಿಮ್ಮೂರಿನ ಸಂತೆ ದಿನಕ್ಕೆ ಅಂಟಿಸಿಬಿಡಿ. ಮಡಿಕೇರಿಯವರಾದರೆ ಶುಕ್ರವಾರ: ಸಂತೆಯಿಂದ ಬಂದು ಚೀಲ ಇಳಿಸಿ, ಕೈಕಾಲು ತೊಳೆದು, ಇಂಜೆಕ್ಷನ್. ಹಾಕಿಕೊಂಡ ಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ಚೌಕದೊಳಗೆ ಒಂದು ಗೀಟು, ಎಡ ಅಥವಾ ಬಲ ಎಂದು ಒಂದಕ್ಷರ. ಹಾಕಿಕೊಂಡೆನೋ ಇಲ್ಲವೋ ಎಂಬ ಅನುಮಾನಕ್ಕೆ ಉತ್ತರ ಅಲ್ಲೇ ಸಿಗುತ್ತದೆ. ಅನುಮಾನ ಬಂತೆಂದು ಇನ್ನೊಂದು ಡೋಸ್ ಹಾಕಿಕೊಳ್ಳಬೇಡಿ.

ಸೆಮಾಗ್ಲುಟೈಡ್, ಟಿರ್ಜೆಪಟೈಡ್ ತೆಗೆದುಕೊಳ್ಳುವ ಕೆಲವರಿಗೆ ಮರುದಿನ, ಅದರ ಮರುದಿನ ಹೊಟ್ಟೆ ತೊಳಸುತ್ತದೆ. ತೋಟದಲ್ಲಿ ಬಟವಾಡೆಯ ದಿನವೋ ನೆಂಟರ ಮದುವೆಯೋ ಅದಕ್ಕೆ ಸಿಕ್ಕಿಕೊಳ್ಳದಂತೆ ದಿನ ಆರಿಸಿ. ದಿನ ಬದಲಿಸಬೇಕಿದ್ದರೆ ಎರಡು ಡೋಸ್ ನಡುವೆ ಸೆಮಾಗ್ಲುಟೈಡ್‌ಗೆ ಕನಿಷ್ಠ ಎರಡು ದಿನ, ಟಿರ್ಜೆಪಟೈಡ್ ಮತ್ತು ಡುಲಾಗ್ಲುಟೈಡ್‌ಗೆ ಮೂರು ದಿನ ಅಂತರ ಇರಲೇಬೇಕು.

ಚುಚ್ಚಿಕೊಳ್ಳುವುದು

ಮೊದಲ ಸಲ ಡಾಕ್ಟರ ಅಥವಾ ನರ್ಸ್ ಎದುರಿಗೇ ಹಾಕಿಕೊಳ್ಳಿ. ಆಮೇಲೆ ಮನೆಯಲ್ಲಿ ಹೀಗೆ:

1. ಅರ್ಧ ಗಂಟೆ ಮೊದಲು ಔಷಧಿಯನ್ನು ಫ್ರಿಜ್‌ನಿಂದ ತೆಗೆದಿಡಿ. ತಣ್ಣಗಿದ್ದರೆ ಉರಿ ಜಾಸ್ತಿ. ಬಿಸಿನೀರಿಗೆ ಅದ್ದಿಯೋ ಒಲೆ ಹತ್ತಿರ ಹಿಡಿದೋ ಬೆಚ್ಚಗೆ ಮಾಡಬೇಡಿ.

2. ಬೆಳಕಿಗೆ ಹಿಡಿದು ನೋಡಿ. ಈ ಶುಗರ್ ಪೆನ್‌ಗಳ ಔಷಧಿ ತಿಳಿಯಾಗಿರಬೇಕು. ಮಬ್ಬು, ಕಣ, ಬಣ್ಣ ಕಂಡರೆ ಬೇಡ. ಹೆಸರು, ಡೋಸ್, ತಾರೀಖು ಮೂರನ್ನೂ ಗಟ್ಟಿಯಾಗಿ ಓದಿಕೊಳ್ಳಿ.

3. ಸೋಪು ಹಾಕಿ ಕೈ ತೊಳೆದು ಒರೆಸಿ. ತೋಟದಿಂದ ಬಂದವರು ಉಗುರಿನ ಸಂದಿಯ ಮಣ್ಣನ್ನೂ ಬಿಡಬಾರದು.

4. ಜಾಗ: ಹೊಕ್ಕುಳಿಂದ ಮೂರು ಬೆರಳಿನಷ್ಟಾದರೂ, ಅಂದರೆ ಸುಮಾರು 5 ಸೆಂಟಿಮೀಟರ್ ದೂರದ ಹೊಟ್ಟೆ, ಅಥವಾ ತೊಡೆಯ ಮುಂಭಾಗ. ತೋಳಿನ ಹಿಂಭಾಗಕ್ಕೆ ಇನ್ನೊಬ್ಬರು ಹಾಕಿದರೆ ಒಳ್ಳೆಯದು. ಪ್ರತಿ ವಾರ ಜಾಗ ಬದಲಿಸಿ. ಕಲೆ, ಗಂಟು, ಜಿಗಣೆ ಕಚ್ಚಿ ಕೆಂಪಾದ ಜಾಗ ಬಿಡಿ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರಲಿ.

5. ಸೂಜಿ ಹಾಕುವ ಪೆನ್ನಾದರೆ ಪ್ರತಿ ಸಲ ಹೊಸ ಸೂಜಿ. ಚುಚ್ಚುವ ಮೊದಲು ಸೂಜಿಯಿಂದ ಹನಿ ಬಿಟ್ಟು ನೋಡುವ ಕ್ರಮ ಪೆನ್ನಿಂದ ಪೆನ್ನಿಗೆ ಬೇರೆ: ಓಝೆಂಪಿಕ್‌ನಲ್ಲಿ ಹೊಸ ಪೆನ್ ಶುರು ಮಾಡುವಾಗ ಮಾತ್ರ, ಟಿರ್ಜೆಪಟೈಡ್ ಕ್ವಿಕ್‌ಪೆನ್‌ನಲ್ಲಿ ಪ್ರತಿ ಸಲವೂ.

6. ನೇರವಾಗಿ ಚುಚ್ಚಿ, ಗುಂಡಿ ಪೂರ್ತಿ ಒತ್ತಿ, ಪೆನ್ನಿನ ಡೋಸ್ ಕಿಟಕಿಯಲ್ಲಿ ಸೊನ್ನೆ ಬಂದ ಮೇಲೂ ಒತ್ತಿ ಹಿಡಿದೇ ನಿಧಾನವಾಗಿ ಹತ್ತು ಎಣಿಸಿ. ಅವಸರದಲ್ಲಿ ಹೊರಗೆಳೆದರೆ ಔಷಧಿ ಚರ್ಮದ ಮೇಲೆ ಹರಿದು ಹೋಗುತ್ತದೆ. ಒಂದು ಹನಿ ರಕ್ತ ಬಂದರೆ ಹತ್ತಿ ಒತ್ತಿ, ಉಜ್ಜಬೇಡಿ.

7. ಸೂಜಿ ಬಿಚ್ಚಿಯೇ ಪೆನ್ ಒಳಗಿಡಿ. ಸೂಜಿ ಬಿಟ್ಟರೆ ಔಷಧಿ ಸೋರುತ್ತದೆ, ಗಾಳಿ ಸೇರುತ್ತದೆ.

ಕ್ವಿಕ್‌ಪೆನ್‌ನಲ್ಲಿ ನಾಲ್ಕು ಡೋಸ್ ಮುಗಿದ ಮೇಲೂ ಒಳಗೆ ಸ್ವಲ್ಪ ಔಷಧಿ ಕಾಣುತ್ತದೆ. ದುಡ್ಡು ಕೊಟ್ಟದ್ದು ಎಂದು ಅದನ್ನು ಸಿರಿಂಜ್‌ನಲ್ಲಿ ಎಳೆದುಕೊಳ್ಳುವ ಸಾಹಸ ಬೇಡ. ಅದು ಹನಿ ಬಿಡುವ ಲೆಕ್ಕಕ್ಕೆ ತುಂಬಿದ್ದು.

ಸೀಸೆಯಿಂದ ಎಳೆಯುವವರು ಇದೊಂದನ್ನು ಗಮನವಿಟ್ಟು ಓದಿ. ನಮ್ಮಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜ್ ಸಿಗುತ್ತದೆ: ಕೆಂಪು ಮುಚ್ಚಳದ ಯು-40, ಕಿತ್ತಳೆ ಮುಚ್ಚಳದ ಯು-100. ಅರ್ಧ ಎಂಎಲ್ ಎಂದರೆ ಯು-100ರಲ್ಲಿ 50ರ ಗೆರೆ, ಯು-40ರಲ್ಲಿ 20ರ ಗೆರೆ. ಗೆರೆ ಅದೇ, ಸಿರಿಂಜ್ ಬದಲು ಎಂದಾದರೆ ಡೋಸ್ ಎರಡೂವರೆ ಪಟ್ಟು ಏರುಪೇರು. ಡಾಕ್ಟರಲ್ಲಿ ಎಂಎಲ್ ಲೆಕ್ಕದಲ್ಲೇ ಬರೆಸಿಕೊಳ್ಳಿ.

ಬಳಸಿದ ಸೂಜಿ

ಕಾಫಿ ಕುಯ್ಲು ಮುಗಿದ ಮೇಲೆ ಉದುರು ಹಣ್ಣನ್ನು ಎಲೆ ಸರಿಸಿ ಬರಿಗೈಯಲ್ಲಿ ಹೆಕ್ಕುತ್ತಾರೆ. ಹಾಗೆ ಹೆಕ್ಕುವ ಹೆಂಗಸಿನ ಬೆರಳಿಗೆ ಯಾರದೋ ಮನೆಯ ಸೂಜಿ ಸಿಕ್ಕರೆ? ತೋಟದ ಗುಂಡಿ, ಗೊಬ್ಬರದ ರಾಶಿ, ಬಚ್ಚಲೊಲೆ ಯಾವುದಕ್ಕೂ ಸೂಜಿ ಹೋಗಬಾರದು.

ಫಿನಾಯಿಲ್ ಅಥವಾ ಬಟ್ಟೆ ಒಗೆಯುವ ದ್ರಾವಣದ ದಪ್ಪ ಪ್ಲಾಸ್ಟಿಕ್ ಕ್ಯಾನ್ ತೊಳೆದಿಟ್ಟುಕೊಳ್ಳಿ. ನೀರಿನ ತೆಳು ಬಾಟಲಿ ಆಗದು, ಸೂಜಿ ತೂರಿ ಬರುತ್ತದೆ. 'ಸೂಜಿ, ಮುಟ್ಟಬೇಡಿ' ಎಂದು ಬರೆದು, ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ಟೇಪ್ ಸುತ್ತಿ. 2016ರ ಘನತ್ಯಾಜ್ಯ ನಿಯಮಗಳು ಮನೆಯ ಸೂಜಿ, ಸಿರಿಂಜನ್ನು ಗೃಹಬಳಕೆಯ ಅಪಾಯಕಾರಿ ತ್ಯಾಜ್ಯ ಎಂದು ಕರೆದಿದ್ದವು. ಹಸಿ ಕಸ ಒಣ ಕಸದ ಜೊತೆ ಬೆರೆಸುವಂತಿಲ್ಲ. ನೀವು ತೋರಿಸಿಕೊಳ್ಳುವ ಆಸ್ಪತ್ರೆ ಅಥವಾ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಬಳಸಿದ ಸೂಜಿ ಅಕಸ್ಮಾತ್ ಬೇರೆಯವರಿಗೆ ಚುಚ್ಚಿದರೆ ಆ ಜಾಗವನ್ನು ಸೋಪು ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ಬೇಗ ಆದಷ್ಟು ಒಳ್ಳೆಯದು.

ಡೋಸ್ ತಪ್ಪಿದರೆ

ಓಝೆಂಪಿಕ್: 5 ದಿನದೊಳಗೆ ನೆನಪಾದರೆ ಹಾಕಿಕೊಳ್ಳಿ, ದಾಟಿದರೆ ಬಿಟ್ಟು ಮುಂದಿನ ವಾರ. ಟಿರ್ಜೆಪಟೈಡ್: 4 ದಿನದೊಳಗೆ. ಡುಲಾಗ್ಲುಟೈಡ್: ಮುಂದಿನ ಡೋಸಿಗೆ ಇನ್ನೂ 3 ದಿನವಾದರೂ ಇದ್ದರೆ ಮಾತ್ರ. ಯಾವುದಕ್ಕೂ ಎರಡು ಡೋಸ್ ಒಟ್ಟಿಗಿಲ್ಲ. ರಸ್ತೆ ಬಂದ್ ಆಗಿ ಎರಡು ಮೂರು ವಾರ ತಪ್ಪಿದ್ದರೆ ಹಳೆಯ ದೊಡ್ಡ ಡೋಸಿಗೇ ಹಾರಬೇಡಿ, ವಾಂತಿ ಬಿಡದೆ ಹಿಡಿಯಬಹುದು. ಕಡಿಮೆಯಿಂದ ಮತ್ತೆ ಏರಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ಮೆಥೊಟ್ರೆಕ್ಸೇಟ್‌ನವರಿಗೆ ಬೇರೆಯೇ ಮಾತು

ವಾರಕ್ಕೊಮ್ಮೆಯದನ್ನು ದಿನಾ ತೆಗೆದುಕೊಂಡು ಪ್ರಾಣ ಕಳೆದುಕೊಂಡವರಿದ್ದಾರೆ. ಡಾಕ್ಟರ ಚೀಟಿಯಲ್ಲಿ ವಾರದ ಹೆಸರನ್ನೇ, 'ಭಾನುವಾರ' ಎಂದೋ 'ಬುಧವಾರ' ಎಂದೋ ಬರೆಸಿಕೊಳ್ಳಿ. ಬಸುರಿಯರು, ಮಗು ಬೇಕೆಂದಿರುವವರು ಇದನ್ನು ಮುಟ್ಟಬಾರದು. ಮನೆಯವರು ಹಾಕಿಕೊಡುವುದಾದರೆ ಗ್ಲೌಸ್ ಬೇಕು. ರಕ್ತಪರೀಕ್ಷೆ ತಪ್ಪಿಸಬೇಡಿ. ಕೈಲ್‌ಪೊಳ್ದ್, ಪುತ್ತರಿ ಎಂದು ಗ್ಲಾಸ್ ಎತ್ತುವ ಮೊದಲು ಈ ಔಷಧಿ ಲಿವರ್ ಮೇಲೆ ಕೂರುತ್ತದೆ ಎಂಬುದು ತಲೆಯಲ್ಲಿರಲಿ. ಬಾಯಿ ಹುಣ್ಣು, ಜ್ವರ, ಒಣಕೆಮ್ಮು, ಏದುಸಿರು ಬಂದರೆ ಮಳೆಗಾಲದ ಶೀತವೆಂದು ಕಾಳುಮೆಣಸಿನ ಕಷಾಯ ಕುಡಿದು ಕೂರದೆ ಅಂದೇ ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳುವವರೆಗೆ ಮುಂದಿನ ಡೋಸ್ ಬೇಡ.

ಊಟ, ಮತ್ತು ಯಾವಾಗ ಓಡಬೇಕು

ಸೆಮಾಗ್ಲುಟೈಡ್ ಜಾತಿಯವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಕೊಬ್ಬಿನ ಪಂದಿ ಕರಿ, ಮೇಲೆ ಮೂರು ನಾಲ್ಕು ಕಡುಂಬುಟ್ಟು ಎಂದರೆ ರಾತ್ರಿಯೆಲ್ಲ ಸಂಕಟ. ಬಿಡಬೇಕೆಂದಿಲ್ಲ, ಒಂದು ಕಡುಂಬುಟ್ಟು, ಕೊಬ್ಬಿಲ್ಲದ ಎರಡು ತುಂಡು, ನಿಧಾನವಾಗಿ. ವಾಂತಿ ಇದ್ದರೆ ಗಂಜಿ ತಿಳಿ, ಓಆರ್‌ಎಸ್ ಗುಟುಕು ಗುಟುಕಾಗಿ. ಆಪರೇಷನ್, ಎಂಡೋಸ್ಕೋಪಿ ಇದ್ದರೆ ಈ ಇಂಜೆಕ್ಷನ್ ವಿಷಯ ಮೊದಲೇ ಹೇಳಿ.

ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ಶುಗರ್ ಇಳಿದಿದೆ ಎಂದೇ ತಿಳಿಯಿರಿ: ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.

ಹೊಟ್ಟೆಯ ಮೇಲ್ಭಾಗದಲ್ಲಿ ಬಿಡದ ನೋವು ಬೆನ್ನಿಗೆ ಹೊಡೆಯುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಮುಖ ತುಟಿ ಊದಿ ಉಸಿರು ಕಟ್ಟಿದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ ಊರು, ತೋಟದ ಹೆಸರು, ಹತ್ತಿರದ ಬಸ್ ಸ್ಟಾಪ್ ಹೇಳಿ, ಜೀಪು ಸಿಕ್ಕಿದರೆ ಎದುರಾಗಿ ಮುಖ್ಯರಸ್ತೆಗೆ ಬಂದುಬಿಡಿ. ಪೆನ್ನಿನ ಖಾಲಿ ಪೆಟ್ಟಿಗೆಯನ್ನು ಜೇಬಿಗೆ ಹಾಕಿಕೊಳ್ಳಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಔಷಧಿಯ ಹೆಸರು, ಡೋಸ್, ಕೊನೆಯ ಸಲ ಹಾಕಿಕೊಂಡ ದಿನ.